ಪಡ್ಪಿನ ಶಾಲೆಯ ನೋಟಿಸ್ ಬೋರ್ಡು

ಊರ ಚರಿತ್ರೆ ಬರೆಯ ಹೊರಟವರು ಮೊದಲು ಹುಡುಕುವುದು ಶಾಸನವನ್ನು. ಶಾಸನ ಸಿಗದಿದ್ದರೆ ಸ್ಥಳಪುರಾಣ, ಅದೂ ಕೈಕೊಟ್ಟರೆ ಗುತ್ತಿನ ಮನೆಯ ಹಿರಿಯರ ಮಾತು, ದೈವದ ಪಾಡ್ದನ. ಇಷ್ಟೆಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ ಅಂಚೆ ಕಚೇರಿ, ಹಾಲಿನ ಸೊಸೈಟಿಗಳ ಜೊತೆಗೆ ಒಂದು ಹಿರಿಯ ಪ್ರಾಥಮಿಕ ಶಾಲೆಯೂ ಇದೆ ಎಂಬ ಸಾಲು ಬರುತ್ತದೆ. ಈ ಕ್ರಮ ತಲೆಕೆಳಗಾಗಿದೆ ಎಂದು ನನಗೆ ಅನ್ನಿಸುತ್ತದೆ. ಶಾಸನದಲ್ಲಿ ದಾನ ಕೊಟ್ಟವನ ಹೆಸರಿರುತ್ತದೆ, ಪಡೆದವನ ಹೆಸರಿರುತ್ತದೆ, ದಾನಕ್ಕೆ ತಪ್ಪಿದವನಿಗೆ ಶಾಪವೂ ಇರುತ್ತದೆ. ಆ ಗದ್ದೆಯಲ್ಲಿ ನೇಜಿ ನೆಟ್ಟವರ ಸುದ್ದಿ ಇರುವುದಿಲ್ಲ. ಊರಿನ ಎಲ್ಲ ಜಾತಿ, ಎಲ್ಲ ಮನೆಮಾತು, ಎಲ್ಲ ಕಸುಬಿನ ಮನೆಗಳೂ ಒಂದೇ ಪುಸ್ತಕದಲ್ಲಿ ಸೇರಿದ ಮೊದಲ ಜಾಗಗಳಲ್ಲಿ ಪ್ರಾಥಮಿಕ ಶಾಲೆಯ ದಾಖಲಾತಿ ರಿಜಿಸ್ಟರೂ ಒಂದು. ಅದರ ಜೊತೆಗೆ ನೋಟಿಸ್ ಬೋರ್ಡಿಗೆ ಅಂಟಿಸಿದ ಸಣ್ಣ ಸಣ್ಣ ಸುದ್ದಿಗಳಿವೆ: ಪ್ರಾರಂಭೋತ್ಸವ ಯಾವಾಗ, ಮಳೆಯ ರಜೆ ಯಾವಾಗ, ಶಾಲಾಭಿವೃದ್ಧಿ ಸಮಿತಿಯ ಸಭೆ ಎಂದು, ವಾರ್ಷಿಕೋತ್ಸವ ಎಂದು. ಇವನ್ನು ಕೂಡಿಸಿ ಓದಲು ಬಲ್ಲವನಿಗೆ ಊರು ಅರ್ಥವಾಗುತ್ತದೆ. ಮಾತಿಗೆ ಪುರಾವೆಯಾಗಿ ಹೆಸರು ಕೇಳಿದವರೆಲ್ಲರಿಗೂ ಗೊತ್ತಿರುವ, ಆದರೆ ಒಂದೇ ಬಗೆಯಲ್ಲಿ ಗೊತ್ತಿರುವ ಊರೊಂದನ್ನು ತೆಗೆದುಕೊಳ್ಳುತ್ತೇನೆ. ಅದು ದಕ್ಷಿಣ ಕನ್ನಡದ ಹರೇಕಳ.

ಮಂಗಳೂರಿನಿಂದ ಪೂರ್ವಕ್ಕೆ, ನೇತ್ರಾವತಿಯ ದಕ್ಷಿಣದ ದಂಡೆಯಲ್ಲಿ, ಈಗಿನ ಉಳ್ಳಾಲ ತಾಲ್ಲೂಕಿಗೆ ಸೇರಿದ ಗ್ರಾಮ ಇದು. ಆಚೆ ದಡದಲ್ಲಿ ಅಡ್ಯಾರು, ಅಲ್ಲಿಂದ ಬಿ.ಸಿ. ರೋಡಿನ ಹೆದ್ದಾರಿ. ಈಚೆ ಪಾವೂರು, ಪಜೀರು, ಗುಡ್ಡ ಏರಿದರೆ ವಿಶ್ವವಿದ್ಯಾಲಯ ಇರುವ ಕೊಣಾಜೆ. ಕರಾವಳಿಯ ಹಳ್ಳಿಯೆಂದರೆ ಒತ್ತಾಗಿ ಕೂತ ಮನೆಗಳ ಕೇರಿಯಲ್ಲ. ತೋಟಕ್ಕೊಂದು, ಗುಡ್ಡೆಗೊಂದು ಮನೆ, ನಡುವೆ ಕಣಿವೆ, ತೋಡು, ಮುರಕಲ್ಲಿನ ಬೋಳು ಬಯಲು. ಅಂಥ ಬಯಲಿಗೆ ತುಳುವಿನಲ್ಲಿ ಪಡ್ಪು ಎನ್ನುತ್ತಾರೆ. ಹರೇಕಳದ ಇಂಥದೊಂದು ಭಾಗದ ಹೆಸರು ನ್ಯೂಪಡ್ಪು. ತುಳು ಪಡ್ಪಿಗೆ ಇಂಗ್ಲಿಷಿನ 'ನ್ಯೂ' ಹೇಗೆ ಅಂಟಿಕೊಂಡಿತೋ, ಹೆಸರಂತೂ ನಿಂತುಬಿಟ್ಟಿದೆ. ಇಂಗ್ಲಿಷ್ ಬಾರದೆ ನಾಚಿಕೊಂಡ ಮನುಷ್ಯನೊಬ್ಬನಿಂದ ಹೆಸರಾದ ಜಾಗದ ಹೆಸರೇ ಇಂಗ್ಲಿಷಿನಿಂದ ಶುರುವಾಗುವುದು ಚರಿತ್ರೆಯ ತಮಾಷೆಗಳಲ್ಲಿ ಒಂದು.

ಆ ಮನುಷ್ಯ ಹರೇಕಳ ಹಾಜಬ್ಬ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ಪರದೇಶದವರೊಬ್ಬರು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಕೊಡಲಾಗದೆ ಕುಗ್ಗಿ, ತನ್ನ ಊರಿನ ಮಕ್ಕಳಿಗೆ ಈ ಗತಿ ಬರಬಾರದೆಂದು ಶಾಲೆಗಾಗಿ ಓಡಾಡಿದರು. ಆಗಿನ ಶಾಸಕ ಯು.ಟಿ. ಫರೀದ್ ಅವರ ನೆರವಿನಿಂದ ಮಂಜೂರಾತಿ ಬಂತು. 1999-2000ರ ಹೊತ್ತಿಗೆ ಮಸೀದಿಯ ಮದರಸದ ಜಾಗದಲ್ಲಿ 28 ಮಕ್ಕಳೊಂದಿಗೆ ತರಗತಿ ಶುರುವಾಯಿತು. ಮುಂದೆ ಸ್ವಂತ ಕಟ್ಟಡವಾಯಿತು, ಪ್ರೌಢಶಾಲೆಯೂ ಸೇರಿತು. 2020ರ ಗಣರಾಜ್ಯೋತ್ಸವದ ಮುನ್ನಾದಿನ ಪದ್ಮಶ್ರೀ ಪ್ರಕಟವಾದಾಗ ಅವರು ಪಡಿತರ ಅಂಗಡಿಯ ಸಾಲಿನಲ್ಲಿದ್ದರು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪ್ರಶಸ್ತಿ ತೆಗೆದುಕೊಂಡರು. ನಾಡಿಗೆ ಗೊತ್ತಿರುವುದು ಇಷ್ಟು, ಇದರಲ್ಲಿ ಸುಳ್ಳಿಲ್ಲ. ಆದರೆ ಇದು ಹಾಜಬ್ಬರ ಚರಿತ್ರೆ. ಹರೇಕಳದ ಚರಿತ್ರೆಗೆ ಬೇಕಾದ ಪ್ರಶ್ನೆ ಬೇರೆ: 2000ದ ಇಸವಿಯ ಹತ್ತಿರದ ತನಕ ನ್ಯೂಪಡ್ಪಿನಲ್ಲಿ ಶಾಲೆ ಯಾಕೆ ಇರಲಿಲ್ಲ?

ಈ ಪ್ರಶ್ನೆ ಚುಚ್ಚುವುದು ಜಿಲ್ಲೆಯ ಹಿನ್ನೆಲೆಯಿಂದ. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಅಲ್ಲಿಂದಲೇ ಹೊರಟಿತು. ಕುದ್ಮುಲ್ ರಂಗರಾಯರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೆ 1890ರ ದಶಕದಲ್ಲೇ ಶಾಲೆ ತೆರೆದು ಬಹಿಷ್ಕಾರ ಉಂಡರು. ಮದರಾಸು ಪ್ರಾಂತ್ಯದ ಕಾಲದಲ್ಲಿ ಊರ ಶ್ರೀಮಂತರೋ ಮಠವೋ ಇಗರ್ಜಿಯೋ ಕಟ್ಟಿ, ಸರಕಾರದ ಅನುದಾನದಲ್ಲಿ ನಡೆದ ಶಾಲೆಗಳು ಈ ಜಿಲ್ಲೆಯ ತುಂಬ ಇವೆ. 2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88ನ್ನು ದಾಟಿತ್ತು, ರಾಜ್ಯದಲ್ಲಿ ಮೊದಲ ಸಾಲಿನದು. ಇಷ್ಟೆಲ್ಲ ಇದ್ದೂ ಮಂಗಳೂರಿಗೆ ಒಂದು ಹೊಳೆಯಷ್ಟು ದೂರದ ಪಡ್ಪಿನಲ್ಲಿ ಅಕ್ಷರ ಕಲಿಸಲು ಒಂದು ಕೋಣೆ ಇರಲಿಲ್ಲ. ಸರಾಸರಿ ಎಂಬುದು ಗುಡ್ಡವನ್ನೂ ಕಣಿವೆಯನ್ನೂ ಸಮ ಮಾಡಿ ತೋರಿಸುವ ಲೆಕ್ಕ. ಗುಡ್ಡ ಹತ್ತಿ ಇಳಿಯಬೇಕಾದ ಆರು ವರ್ಷದ ಮಗುವಿಗೆ ಅದರಿಂದ ಉಪಯೋಗವಿಲ್ಲ. ಮಗು ಶಾಲೆಗೆ ಹೋಗುವುದನ್ನು ತೀರ್ಮಾನಿಸುವುದು ತಾಯ್ತಂದೆಯರ ಆಸೆಗಿಂತ ಹೆಚ್ಚಾಗಿ ದೂರ. ಅದರಲ್ಲೂ ಜೂನ್-ಜುಲೈಯಲ್ಲಿ ತೋಡು ತುಂಬಿ ಸಂಕ ಮುಳುಗುವ ನಾಡಿನಲ್ಲಿ. ಕಡ್ಡಾಯ ಶಿಕ್ಷಣದ ಕಾಯಿದೆ 2010ರ ಏಪ್ರಿಲ್‌ನಲ್ಲಿ ಜಾರಿಯಾದ ಮೇಲೆ ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ, ಹಿರಿಯದು ಮೂರು ಕಿಲೋಮೀಟರಿನೊಳಗೆ ಇರಬೇಕೆಂಬ ಮಾತು ನಿಯಮವಾಯಿತು. ಕಾಯಿದೆ ಹತ್ತು ವರ್ಷ ಕಳೆದು ಹೇಳಿದ್ದನ್ನು ಕಿತ್ತಳೆ ಮಾರುವವನು ಮೊದಲೇ ಕೇಳಿದ್ದ.

ದೂರ ಮೊದಲ ಅಡ್ಡಿಯಾದರೆ ಎರಡನೆಯದು ಮಾತು. ಇಲ್ಲಿನ ಮನೆಗಳಲ್ಲಿ ಆಡುವುದು ಬ್ಯಾರಿ, ತುಳು. ಕನ್ನಡ ಇಲ್ಲಿ ಪುಸ್ತಕದ, ಬಸ್ಸಿನ ಬೋರ್ಡಿನ, ತಾಲ್ಲೂಕು ಕಚೇರಿಯ ಭಾಷೆ. ಹಾಗಾಗಿ ಒಂದನೆಯ ತರಗತಿಯ ಮಗು ಅಕ್ಷರದ ಜೊತೆಗೆ ಭಾಷೆಯನ್ನೂ ಕಲಿಯಬೇಕು. ಕಿತ್ತಳೆಯ ಕಥೆಯನ್ನು ಹೇಳುವವರು ಅದನ್ನು ಇಂಗ್ಲಿಷಿನ ಕೊರತೆಯ ಕಥೆಯಾಗಿಯೇ ಹೇಳುತ್ತಾರೆ. ಆದರೆ ಹಾಜಬ್ಬ ಕೇಳಿದ್ದು ಇಂಗ್ಲಿಷ್ ಶಾಲೆಯನ್ನಲ್ಲ. ದೊರೆತದ್ದು ಜಿಲ್ಲಾ ಪಂಚಾಯಿತಿಯ ಕನ್ನಡ ಶಾಲೆ, ಅದನ್ನೇ ಅವರು ತಮ್ಮದೆಂದು ಸಾಕಿದರು. ಬ್ಯಾರಿಯನ್ನು ಹೆಚ್ಚಾಗಿ ಬರೆಯುವುದೂ ಕನ್ನಡ ಲಿಪಿಯಲ್ಲೇ. 2007ರಲ್ಲಿ ರಾಜ್ಯ ಸರಕಾರ ಬ್ಯಾರಿ ಸಾಹಿತ್ಯ ಅಕಾಡೆಮಿ ಮಾಡಿದ ಮೇಲೆ ಬಂದ ಪುಸ್ತಕಗಳನ್ನು ಓದಬೇಕಾದರೂ ಕನ್ನಡ ಶಾಲೆಯ ಮೆಟ್ಟಿಲು ಹತ್ತಿ ಬರಬೇಕು. ಕನ್ನಡ ಶಾಲೆ ಮನೆಮಾತನ್ನು ನುಂಗುತ್ತದೆ ಎಂದು ಸಾರಾಸಗಟಾಗಿ ಹೇಳುವವರು ಈ ಒಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿ ಅದೇ ಶಾಲೆ ಮನೆಮಾತಿಗೆ ಓದುಗರನ್ನು ಕೊಟ್ಟಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಹಗುರವಾದದ್ದಲ್ಲ. ಹಾಜಬ್ಬ ಇಲ್ಲದಿದ್ದರೆ ಈ ಶಾಲೆ ಇಲ್ಲ. ಆದುದರಿಂದ ಅವರ ಬದುಕೇ ಊರ ಚರಿತ್ರೆ, ಉಳಿದದ್ದು ಅಡಿಟಿಪ್ಪಣಿ. ಮೊದಲರ್ಧ ನಿಜ. ಎರಡನೆಯದು ಯಾಕೆ ತಪ್ಪೆಂದರೆ, ಒಬ್ಬ ಮನುಷ್ಯ ಶಾಲೆಯನ್ನು ತರಿಸಬಹುದು, ದಿನವೂ ನಡೆಸಲಾರ. ಮಸೀದಿಯವರು ಮದರಸದ ಜಾಗ ಬಿಟ್ಟುಕೊಡಬೇಕಿತ್ತು. ಇಲಾಖೆ ಶಿಕ್ಷಕರನ್ನು ಕಳಿಸಬೇಕಿತ್ತು, ಅವರು ವರ್ಗಾವಣೆ ಕೇಳದೆ ನಿಲ್ಲಬೇಕಿತ್ತು. ಎಲ್ಲಕ್ಕಿಂತ ಮೊದಲು 28 ಮಕ್ಕಳ ಮನೆಯವರು ಕಟ್ಟಡವಿಲ್ಲದ ಶಾಲೆಗೆ ಅವರನ್ನು ಕಳಿಸುವ ಧೈರ್ಯ ಮಾಡಬೇಕಿತ್ತು. ಬೀಡಿ ಕಟ್ಟುವ ಮನೆಯಲ್ಲಿ ಎಲೆ ಕತ್ತರಿಸಲು, ನೂಲು ಸುತ್ತಲು ಮಗುವಿನ ಕೈಗೂ ಕೆಲಸವಿದ್ದ ಜಿಲ್ಲೆ ಇದು. ಆ ಕೈಯನ್ನು ಸ್ಲೇಟಿಗೆ ಬಿಟ್ಟುಕೊಟ್ಟದ್ದೂ ಒಂದು ದಾನವೇ. ಅದಕ್ಕೆ ಯಾರೂ ಶಾಸನ ಹಾಕಿಸಲಿಲ್ಲ, ಹೆಸರಿರುವುದು ರಿಜಿಸ್ಟರಿನಲ್ಲಿ ಮಾತ್ರ. ಪದ್ಮಶ್ರೀ ಬಂದ ಸುಮಾರಿಗೆ ಒಂದರಿಂದ ಹತ್ತರವರೆಗೆ ಸುಮಾರು 175 ಮಕ್ಕಳಿದ್ದರೆಂದು ಪತ್ರಿಕೆಗಳು ಬರೆದವು. 28ರಿಂದ 175ರ ನಡುವಿನ ಇಪ್ಪತ್ತು ವರ್ಷ ಯಾವ ಸನ್ಮಾನಪತ್ರದಲ್ಲೂ ಇಲ್ಲ. 'ಅಕ್ಷರ ಸಂತ' ಎಂಬ ಬಿರುದು ಅವರಿಗೆ ಒಪ್ಪುತ್ತದೆ. ಆದರೆ ಸಂತನೆಂದು ಕರೆದ ಕೂಡಲೇ ಸರಕಾರದ ಕರ್ತವ್ಯ ಪವಾಡವಾಗಿಬಿಡುತ್ತದೆ ಎಂಬುದು ನನ್ನ ತಕರಾರು. ಶಾಲೆ ಆ ಮಕ್ಕಳಿಗೆ ಬರಬೇಕಾಗಿದ್ದದ್ದು, ತಡವಾಗಿ ಬಂತು.

ಇನ್ನೊಂದು ಆಕ್ಷೇಪ: ಶಾಲೆಯ ಸುದ್ದಿ ಎಲ್ಲ ಕಡೆ ಒಂದೇ, ಬೆಂಗಳೂರಿನಿಂದ ಬಂದ ಸುತ್ತೋಲೆ, ಅದರಿಂದ ಬೀದರಿನ ಹಳ್ಳಿಯೂ ಹರೇಕಳವೂ ಬೇರೆಯಾಗಿ ಕಾಣುವುದು ಹೇಗೆ? ಸುತ್ತೋಲೆ ಒಂದೇ, ಇಳಿಯುವ ನೆಲ ಬೇರೆ. 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದು ಪೋಷಕರಿಗೆ ಕುರ್ಚಿ ಸಿಕ್ಕಿತು. ಆ ಸಮಿತಿಯಲ್ಲಿ ಯಾರು ಕೂತರು ಎಂಬುದನ್ನು ನೋಡಿದರೆ ಯಾವ ಊರಿನಲ್ಲಿ ಯಾರ ಮಾತು ನಡೆಯುತ್ತದೆಂದು ತಿಳಿಯುತ್ತದೆ. ಉತ್ತರದ ಜಿಲ್ಲೆಗಳಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಕಡೆಗೂ ಬಂತು. ಬೆಳ್ತಿಗೆ ಅಕ್ಕಿಯ ಅನ್ನ ಎದುರಿಗೆ ಬಂದಾಗ ಕುಚ್ಚಲಕ್ಕಿ ಉಂಡು ಬೆಳೆದ ಕರಾವಳಿಯ ಮಕ್ಕಳ ಮುಖ ಏನಾಗುತ್ತದೆ, ಜಿಲ್ಲೆಯವರು ಶಾಲೆಗೆ ಕುಚ್ಚಲಕ್ಕಿಯನ್ನೇ ಕೊಡಿ ಎಂದು ಯಾಕೆ ಕೇಳುತ್ತಾ ಬಂದರು ಎಂಬುದು ಇಲ್ಲಿನದೇ ಚರಿತ್ರೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಮೊಟ್ಟೆ ವಾರಕ್ಕೆ ಆರು ದಿನವಾಯಿತು, ಬೇಡವೆಂದವರಿಗೆ ಬಾಳೆಹಣ್ಣು. ಎಷ್ಟು ಮಕ್ಕಳು ಮೊಟ್ಟೆಗೆ ಕೈಯೊಡ್ಡಿದರು, ಎಷ್ಟು ಮಕ್ಕಳು ಹಣ್ಣಿಗೆ ಎಂಬ ದಿನದ ಲೆಕ್ಕ ಪ್ರತಿ ಶಾಲೆಯಲ್ಲೂ ಇದೆ. ಊರಿನ ಊಟದ ಬಗ್ಗೆ ಇದಕ್ಕಿಂತ ನೇರವಾದ ದಾಖಲೆ ನಾಳಿನ ಚರಿತ್ರೆಕಾರನಿಗೆ ಸಿಗಲಾರದು. ಇನ್ನು ಮಳೆಯ ರಜೆ. ಜಿಲ್ಲಾಧಿಕಾರಿ ರಜೆ ಸಾರಿದ ದಿನಗಳನ್ನು ವರ್ಷವರ್ಷ ಜೋಡಿಸಿಟ್ಟರೆ ನೇತ್ರಾವತಿ ಯಾವಾಗ ಉಕ್ಕಿತೆಂಬ ಪಂಚಾಂಗವೇ ಸಿಗುತ್ತದೆ.

ಹೊಳೆಯ ಮಾತು ಬಂದದ್ದರಿಂದ ಸೇತುವೆಯ ಮಾತನ್ನೂ ಆಡಬೇಕು. ಅಡ್ಯಾರಿನಿಂದ ಹರೇಕಳಕ್ಕೆ ಮೊದಲಿದ್ದದ್ದು ಕಡವು. ಈಚಿನ ವರ್ಷಗಳಲ್ಲಿ ಕಿಂಡಿ ಅಣೆಕಟ್ಟಿನ ಜೊತೆಗೇ ಸೇತುವೆಯೂ ಆಗಿ, ಹೆದ್ದಾರಿ ಕೂಗಳತೆಗೆ ಬಂದಿದೆ. ಊರ ಚರಿತ್ರೆಯಲ್ಲಿ ಇದನ್ನು ಅಭಿವೃದ್ಧಿ ಎಂದು ಬರೆಯುತ್ತಾರೆ, ಬರೆಯಬೇಕು. ಆದರೆ ಶಾಲೆಯ ಕಡೆಯಿಂದ ನೋಡಿದರೆ ಸೇತುವೆಗೆ ಎರಡು ದಿಕ್ಕು. ಊರಿನ ಮಗು ಹೊಳೆ ದಾಟಿ ಕಾಲೇಜಿಗೆ ಹೋಗಬಹುದು. ಆಚೆಯ ಇಂಗ್ಲಿಷ್ ಮಾಧ್ಯಮದ ಹಳದಿ ಬಸ್ಸು ಈಚೆ ಬಂದು ಆರು ವರ್ಷದ ಮಗುವನ್ನೂ ಎತ್ತಿಕೊಂಡು ಹೋಗಬಹುದು. ದೂರದಿಂದಾಗಿ ಹುಟ್ಟಿದ ಶಾಲೆ ದೂರ ಇಲ್ಲವಾದ ಮೇಲೆ ಯಾವುದರ ಬಲದ ಮೇಲೆ ನಿಲ್ಲಬೇಕು? ಮಕ್ಕಳಿಲ್ಲದೆ ಬಾಗಿಲು ಹಾಕುವ ಅಥವಾ ಪಕ್ಕದ ಶಾಲೆಯೊಡನೆ ವಿಲೀನವಾಗುವ ಭಯ ರಾಜ್ಯದ ಕನ್ನಡ ಶಾಲೆಗಳನ್ನೆಲ್ಲ ಕಾಡುತ್ತಿದೆ. ನ್ಯೂಪಡ್ಪಿಗೆ ಪ್ರಸಿದ್ಧಿಯ ಕವಚ ಇದೆ, ಪಕ್ಕದ ಅನೇಕ ಶಾಲೆಗಳಿಗೆ ಅದೂ ಇಲ್ಲ. ಪ್ರತಿ ವರ್ಷ ಮೇ ಕೊನೆಯ ಪ್ರಾರಂಭೋತ್ಸವದಲ್ಲಿ ತೋರಣದ ಕೆಳಗೆ ಹೂ ಕೊಟ್ಟು ಒಳಗೆ ಕರೆದ ಒಂದನೆಯ ತರಗತಿಯ ಮಕ್ಕಳ ಸಂಖ್ಯೆಯೇ ಇದಕ್ಕೆ ಉತ್ತರ. ಆ ದಿನದ ಪತ್ರಿಕಾವರದಿಯಲ್ಲಿ ಅತಿಥಿಗಳ ಹೆಸರು ಸಾಲುಸಾಲಾಗಿ ಇರುತ್ತದೆ, ಈ ಸಂಖ್ಯೆ ಮಾತ್ರ ಎಷ್ಟೋ ಸಲ ಇರುವುದಿಲ್ಲ.

ಕಾಲು ಶತಮಾನದ ಶಾಲೆಯಿಂದ ಶತಮಾನಗಳ ಊರನ್ನು ಅಳೆಯುವುದೇ ಎಂದು ಕೇಳುವವರಿಗೆ ಚಿಕ್ಕ ಉತ್ತರ: ಶಾಲೆ ತಡವಾಗಿ ಬಂದದ್ದೇ ಆ ಶತಮಾನಗಳ ಬಗ್ಗೆ ಸಾಕಷ್ಟು ಹೇಳುತ್ತದೆ. ರಿಜಿಸ್ಟರಿನಲ್ಲಿ ಬಂದವರ ಹೆಸರಿದೆ, ಬಾರದೆ ಉಳಿದವರದ್ದಿಲ್ಲ ಎಂಬ ಮಾತಿಗೆ ಮಾತ್ರ ನನ್ನಲ್ಲಿ ಪೂರಾ ಉತ್ತರವಿಲ್ಲ. ಆ ಕೊರತೆಯನ್ನು ಒಪ್ಪಿಕೊಳ್ಳಲೇಬೇಕು. ಹಾಜಬ್ಬರ ತಲೆಮಾರು ಇಡಿಯಾಗಿ ಆ ಖಾಲಿ ಪುಟದಲ್ಲಿದೆ. ಹಾಜಬ್ಬರ ಹೆಸರು ನಮಗೆ ತಲುಪಿದ್ದು ಪತ್ರಿಕೆ, ಪ್ರಶಸ್ತಿಗಳ ಮೂಲಕ. ಅವರ ಜೊತೆಗೆ ಹೊಳೆ ದಾಟಿ ಕೂಲಿಗೆ ಹೋದವರ ಹೆಸರು ತಲುಪಲಿಲ್ಲ. ಅವರಿಗಾಗಿ ಮನೆಮನೆಗೆ ಹೋಗಿ ಕೇಳುವ ಕೆಲಸ ಉಳಿದೇ ಇದೆ, ಕೇಳಬೇಕಾದವರಿಗೆ ವಯಸ್ಸಾಗುತ್ತಿದೆ.

ಪ್ರಶಸ್ತಿ ಬಂದ ಮೇಲೂ ಹಾಜಬ್ಬ ಎಲ್ಲರ ಮುಂದೆ ಇಟ್ಟ ಬೇಡಿಕೆ ಒಂದೇ, ಊರಿಗೆ ಪದವಿಪೂರ್ವ ಕಾಲೇಜು ಬೇಕೆಂಬುದು. ಒಂದನೆಯ ತರಗತಿಗೆ ದೂರ ಅಡ್ಡಬಂದಂತೆ ಹತ್ತನೆಯ ತರಗತಿ ಮುಗಿಸಿದ ಹುಡುಗಿಗೂ ದೂರವೇ ಅಡ್ಡಬರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜಿಲ್ಲೆಯಲ್ಲಿ ಈಗ ಎಷ್ಟೋ ಶಾಲೆಗಳು ಬೆಳ್ಳಿಹಬ್ಬ, ಶತಮಾನೋತ್ಸವ ಆಚರಿಸುತ್ತಿವೆ. ಹಳೆ ವಿದ್ಯಾರ್ಥಿ ಸಂಘದವರು ಸ್ಮರಣ ಸಂಚಿಕೆ ತರುತ್ತಾರೆ. ಮುಖಪುಟದ ಒಳಗೆ ಸಚಿವರ ಸಂದೇಶ, ನಡುವೆ ಅಂಗಡಿಗಳ ಜಾಹೀರಾತು, ಕೊನೆಗೆ ದಾನಿಗಳ ಪಟ್ಟಿ. ಆ ಸಂಘದವರಲ್ಲಿ ಒಂದು ವಿನಂತಿ. ಮೊದಲ ವರ್ಷದಿಂದ ಈ ವರ್ಷದ ತನಕ ಪ್ರತಿ ಜೂನ್‌ನಲ್ಲಿ ಒಂದನೆಯ ತರಗತಿಗೆ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಹುಡುಗಿಯರೆಷ್ಟು, ಏಳನೆಯದನ್ನು ಮುಗಿಸಿದವರೆಷ್ಟು, ಬಿಸಿಯೂಟ ಬೇಯಿಸಿದವರು ಎಷ್ಟು ವರ್ಷ ಬೇಯಿಸಿದರು, ಮಳೆಗೆ ಎಷ್ಟು ದಿನ ಬಾಗಿಲು ಹಾಕಿತು ಎಂಬುದನ್ನು ಎರಡೇ ಪುಟದಲ್ಲಿ ಅಚ್ಚು ಹಾಕಿಸಿ. ದಾನಿಗಳ ಪಟ್ಟಿ ಅದರ ನಂತರ ಬರಲಿ.