ಸಮುದ್ರದಲ್ಲಿ ಸ್ಥಾನ ತಿಳಿಯುವ ವಿದ್ಯೆ ಮತ್ತು ರಾಯಲ್ ಮೆಜೆಸ್ಟಿಯ ಅಪಘಾತ

ದಡ ಕಾಣದ ಸಮುದ್ರದಲ್ಲಿ ಹಡಗು ಎಲ್ಲಿದೆ ಎಂಬುದನ್ನು ಗೊತ್ತುಮಾಡಿಕೊಳ್ಳುವ ವಿದ್ಯೆಯು ಶತಮಾನಗಳ ಕಾಲ ಯಾವ ಒಂದು ಉಪಕರಣವನ್ನೂ ಪೂರ್ತಿಯಾಗಿ ನೆಚ್ಚಿಕೊಂಡಿರಲಿಲ್ಲ. ದಿಕ್ಸೂಚಿ ತೋರಿದ ದಿಕ್ಕು, ಹಡಗಿನ ವೇಗ ಮತ್ತು ಕಳೆದ ಹೊತ್ತು, ಈ ಮೂರನ್ನೂ ಕೂಡಿಸಿ ನಕ್ಷೆಯ ಮೇಲೆ ಸ್ಥಾನವನ್ನು ಗುರುತಿಸುವ ಅಂದಾಜು ಲೆಕ್ಕಕ್ಕೆ ಡೆಡ್ ರೆಕನಿಂಗ್ ಎಂದು ಹೆಸರು. ಗಾಳಿಯೂ ನೀರಿನ ಸೆಳೆತವೂ ಹಡಗನ್ನು ಪಕ್ಕಕ್ಕೆ ತಳ್ಳುವುದು ಈ ಲೆಕ್ಕಕ್ಕೆ ಸರಿಯಾಗಿ ಸಿಗದ ಕಾರಣ, ಸೆಕ್ಸ್‌ಟಂಟ್ ಎಂಬ ಕೋನಮಾಪಕದಿಂದ ಸೂರ್ಯ ನಕ್ಷತ್ರಗಳ ಎತ್ತರವನ್ನು ಅಳೆದು ಅದನ್ನು ತಿದ್ದಿಕೊಳ್ಳಲಾಗುತ್ತಿತ್ತು. ದಡ ಸಮೀಪಿಸಿದಾಗ ಹಗ್ಗಕ್ಕೆ ಕಟ್ಟಿದ ಸೀಸದ ಗುಂಡನ್ನು ಇಳಿಬಿಟ್ಟು ಆಳ ನೋಡುತ್ತಿದ್ದರು. ಗುಂಡಿನ ಬುಡದ ಕುಳಿಯಲ್ಲಿ ಮೆತ್ತಿದ ಪ್ರಾಣಿಕೊಬ್ಬಿಗೆ ಅಂಟಿಬಂದ ಮರಳು, ಕೆಸರು ಇಲ್ಲವೆ ಚಿಪ್ಪಿನ ಚೂರುಗಳನ್ನು ನಕ್ಷೆಯಲ್ಲಿ ನಮೂದಾಗಿದ್ದ ತಳದ ವಿವರದೊಡನೆ ತಾಳೆ ನೋಡುತ್ತಿದ್ದರು. ಒಂದೊಂದು ವಿಧಾನವೂ ಒರಟಾದುದೇ. ಆದರೆ ಒಂದರ ತಪ್ಪನ್ನು ಇನ್ನೊಂದು ಹಿಡಿಯುತ್ತಿತ್ತೆಂಬುದೇ ಈ ಕಸುಬಿನ ಬಲವಾಗಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ, ದಡದ ರೇಡಿಯೊ ಗೋಪುರಗಳ ಸಂಕೇತಗಳು ಬಂದು ತಲುಪುವ ಸಮಯದ ಅಂತರದಿಂದ ಸ್ಥಾನ ತಿಳಿಸುವ ಲೋರಾನ್ ಬಳಕೆಗೆ ಬಂದಿತು. ಉಪಗ್ರಹಗಳನ್ನು ಆಧರಿಸಿದ ಜಿಪಿಎಸ್ 1995ರಲ್ಲಿ ಪೂರ್ಣ ಕಾರ್ಯಸಿದ್ಧವೆಂದು ಘೋಷಿತವಾಯಿತು. ಅದೇ ವರ್ಷದ ಜೂನ್ 9ರಂದು ರಾಯಲ್ ಮೆಜೆಸ್ಟಿ ಎಂಬ ಪ್ರವಾಸಿ ಹಡಗು 1,509 ಜನರನ್ನು ಹೊತ್ತು ಬರ್ಮುಡಾದಿಂದ ಬಾಸ್ಟನ್ನಿನ ಕಡೆಗೆ ಹೊರಟಿತು. ಹೊರಟು ಒಂದು ಗಂಟೆ ಕಳೆಯುವುದರೊಳಗೆ ಜಿಪಿಎಸ್ ಆಂಟೆನಾದ ತಂತಿ ಕಳಚಿಕೊಂಡಿತು. ಉಪಗ್ರಹದ ಸಂಕೇತ ನಿಂತೊಡನೆ ಆ ಉಪಕರಣವು ಕ್ಷಣಕಾಲ ಸದ್ದುಮಾಡಿ, ಪರದೆಯ ಮೇಲೆ ಪುಟ್ಟ ಅಕ್ಷರಗಳಲ್ಲಿ ಸೂಚನೆ ಕೊಟ್ಟು, ತಾನಾಗಿಯೇ ಡೆಡ್ ರೆಕನಿಂಗ್ ಲೆಕ್ಕಕ್ಕೆ ಇಳಿಯಿತು; ಹಡಗನ್ನು ನಡೆಸುತ್ತಿದ್ದ ಸ್ವಯಂಚಾಲಕ ವ್ಯವಸ್ಥೆಗೆ ಈ ಬದಲಾವಣೆ ತಿಳಿಯಲೇ ಇಲ್ಲ. ಅತ್ಯಂತ ಹಳೆಯ ಅಂದಾಜನ್ನೇ ಅಧಿಕಾರಿಗಳು ಮುಂದಿನ 34 ಗಂಟೆಗಳ ಕಾಲ ಉಪಗ್ರಹದ ಮಾತೆಂದು ನಂಬಿದರು.

ತಿದ್ದಿಕೊಳ್ಳಲು ಅವಕಾಶಗಳು ಇಲ್ಲದಿರಲಿಲ್ಲ. ಜಿಪಿಎಸ್ ಇದ್ದ ಕೊಠಡಿಯಲ್ಲೇ ಇದ್ದ ಲೋರಾನ್ ಉಪಕರಣವನ್ನು ಯಾರೂ ಅದರೊಡನೆ ಹೋಲಿಸಲಿಲ್ಲ. ದಾರಿ ತೋರುವ ತೇಲುಗುರುತಾದ ಬೋಯ್ ಒಂದು ನಿರೀಕ್ಷಿಸಿದ ಹೊತ್ತಿಗೆ ರೇಡಾರಿನಲ್ಲಿ ಕಂಡಿತಾದರೂ, ಅದು ಬೇರೊಂದು ಕಡೆ ಮುಳುಗಿದ್ದ ಹಡಗಿನ ಅವಶೇಷವನ್ನು ತೋರುವ ಬೋಯ್ ಆಗಿತ್ತು. ಮುಂದಿನ ಬೋಯ್ ಕಾಣದಿದ್ದರೂ ಕಂಡಿತೆಂದೇ ಕ್ಯಾಪ್ಟನ್‌ಗೆ ವರದಿ ಹೋಯಿತು. ಎದುರಿಗೆ ನೀರಿನ ಬಣ್ಣ ಬದಲಾಗಿದೆಯೆಂದು ಕಾವಲುಗಾರನು ಕಣ್ಣಾರೆ ಕಂಡು ಹೇಳಿದ ಮಾತಿಗೂ ಬೆಲೆ ಸಿಗಲಿಲ್ಲ. ಸೀಸದ ಗುಂಡಿನ ಸ್ಥಾನಕ್ಕೆ ಬಂದಿದ್ದ ಆಳಮಾಪಕದ ಎಚ್ಚರಿಕೆಯ ಗಂಟೆಯನ್ನು ಸೊನ್ನೆ ಮೀಟರಿಗೆ ಇರಿಸಲಾಗಿತ್ತು. ಅಂದರೆ ತಳ ತಾಗುವ ಮುನ್ನ ಅದು ಬಡಿಯುವಂತೆಯೇ ಇರಲಿಲ್ಲ. ಜೂನ್ 10ರ ರಾತ್ರಿ 10:25ಕ್ಕೆ ಹಡಗು ನ್ಯಾಂಟಕೆಟ್ ದ್ವೀಪದ ಪೂರ್ವಕ್ಕಿರುವ ಮರಳದಿಬ್ಬದ ಮೇಲೆ ಕೂತಾಗ, ತನ್ನ ದಾರಿಯಿಂದ ಸುಮಾರು 17 ಮೈಲಿ ಸರಿದಿತ್ತು. ಪ್ರಾಣಹಾನಿಯಾಗಲಿಲ್ಲವೆಂಬುದು ದೊಡ್ಡ ಪುಣ್ಯ. ಸ್ವಯಂಚಾಲಿತ ವ್ಯವಸ್ಥೆಯ ಮೇಲಿನ ಅತಿಯಾದ ಅವಲಂಬನೆಯನ್ನು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಅಪಘಾತದ ಕಾರಣಗಳಲ್ಲಿ ಎಣಿಸಿತು.

ಹಳೆಯ ಹಡಗುಗಳಲ್ಲೂ ಹಗ್ಗ ಹರಿಯುತ್ತಿತ್ತು, ಗಡಿಯಾರ ನಿಲ್ಲುತ್ತಿತ್ತು. ಆದರೆ ಅದು ಎದುರಿಗಿದ್ದವರ ಕಣ್ಣಿಗೆ ಬೀಳುತ್ತಿತ್ತು. ಜಟಿಲ ವ್ಯವಸ್ಥೆಯು ಕೆಟ್ಟಾಗಲೂ ಕೆಡದಂತೆ ತೋರುವುದರಿಂದ, ಅದನ್ನು ಸಂಶಯದಿಂದ ನೋಡುವ ಅಭ್ಯಾಸವೇ ನಾವಿಕರ ಕೈತಪ್ಪುತ್ತದೆ. ಈ ಪಾಠ ಕಲಿಯಲು ಹಿಡಿದ ಕಾಲ ಖೇದಕರವಾದುದು. ರಾಯಲ್ ಮೆಜೆಸ್ಟಿಯ ಘಟನೆ ನಡೆದ ಮೂರು ವರ್ಷಕ್ಕೆ, 1998ರಲ್ಲಿ, ಅಮೆರಿಕದ ನೌಕಾ ಅಕಾಡೆಮಿಯು ನಕ್ಷತ್ರಗಳಿಂದ ಸ್ಥಾನ ತಿಳಿಯುವ ಪಾಠವನ್ನು ಕೈಬಿಟ್ಟಿತು. 2010ರಲ್ಲಿ ಅಲ್ಲಿನ ಲೋರಾನ್ ಗೋಪುರಗಳೂ ಸ್ತಬ್ಧವಾದವು. ಆಕಾಶದ ಪಾಠ ಮರಳಿದ್ದು 2015ರಲ್ಲಿ. 2017ರ ಆಗಸ್ಟ್ 21ರಂದು ಸಿಂಗಪುರದ ಬಳಿ ಜಾನ್ ಎಸ್. ಮೆಕೇನ್ ಎಂಬ ಅಮೆರಿಕದ ಯುದ್ಧನೌಕೆ ತೈಲವಾಹಕ ಹಡಗಿಗೆ ಡಿಕ್ಕಿಯಾಗಿ ಹತ್ತು ಮಂದಿ ನಾವಿಕರು ಸತ್ತರು. ಸ್ಪರ್ಶಪರದೆಯ ಮೂಲಕ ಚುಕ್ಕಾಣಿಯ ಹಿಡಿತವು ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೋದದ್ದು ತಿಳಿಯದೆ, ಚುಕ್ಕಾಣಿಯೇ ಕೆಟ್ಟಿದೆಯೆಂದು ಸಿಬ್ಬಂದಿ ಭಾವಿಸಿದ್ದರು. ಈ ಬಗೆಯ ನೌಕೆಗಳ ವೇಗನಿಯಂತ್ರಣಕ್ಕೆ ಪರದೆಗಳ ಬದಲು ಕೈಯಿಂದ ಎಳೆಯುವ ಹಿಡಿಕೆಗಳನ್ನು ಮತ್ತೆ ಅಳವಡಿಸಲು ಅಮೆರಿಕದ ನೌಕಾಪಡೆಯು 2019ರಲ್ಲಿ ನಿರ್ಧರಿಸಿತು.