ಮೈಸೂರಿನ ಮಹಾರಾಜರೂ ಇಬ್ಬರು ರಷ್ಯನ್ನರೂ

ನಮ್ಮ ಮಕ್ಕಳು ಇಲ್ಲಿ ಪಿಯಾನೋ ತರಗತಿಗೆ ಹೋಗುವಾಗ, ಅದು ನಮಗೆ ಸಂಬಂಧವಿಲ್ಲದ ಸಂಗೀತವೆಂದು ನಾವು ಭಾವಿಸುವುದುಂಟು. ಆ ಸಂಗೀತಲೋಕದ ಇಪ್ಪತ್ತನೆಯ ಶತಮಾನದ ಒಂದು ದೊಡ್ಡ ಜಗಳದಲ್ಲಿ ಮೈಸೂರು ಅರಮನೆಯೂ ಒಂದು ಪಕ್ಷದ ಕೈಹಿಡಿದಿತ್ತು ಎಂದರೆ ಹಲವರಿಗೆ ಅಚ್ಚರಿಯಾದೀತು.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಯುರೋಪಿನ ಅನೇಕರಿಗೆ ಹಿಂದಿನ ಶತಮಾನದ ಭಾವಾವೇಶ ಸಾಕಾಗಿತ್ತು. ದೊಡ್ಡ ದೊಡ್ಡ ವಾದ್ಯಮೇಳಗಳ ಆರ್ಭಟ ಅತಿಯೆನಿಸತೊಡಗಿತ್ತು. 1920ರ ಮೇ 15ರಂದು ಪ್ಯಾರಿಸಿನಲ್ಲಿ ಇಗೊರ್ ಸ್ಟ್ರಾವಿನ್‌ಸ್ಕಿ ಅವರ 'ಪುಲ್ಚಿನೆಲ್ಲಾ' ಬ್ಯಾಲೆ ರಂಗವೇರಿತು. ಹದಿನೆಂಟನೆಯ ಶತಮಾನದ ಪೆರ್ಗೊಲೆಸಿಯವೆಂದು ಆಗ ನಂಬಿದ್ದ ಧಾಟಿಗಳನ್ನು (ಹಲವು ಬೇರೆಯವರವೆಂದು ಆಮೇಲೆ ತಿಳಿಯಿತು) ಎತ್ತಿಕೊಂಡು, ಲಯವನ್ನು ಅಲ್ಲಲ್ಲಿ ಮುರಿದು, ಪುಟ್ಟ ಮೇಳಕ್ಕೆ ಹೊಂದಿಸಿದ ಕೃತಿ ಅದು. ಒಂದೆಡೆ ಟ್ರಾಂಬೋನೂ ಡಬಲ್ ಬಾಸೂ ಕಚ್ಚಾಡುವಂತೆ ನುಡಿಯುತ್ತವೆ. ನಗು ತಡೆಯುವುದು ಕಷ್ಟ. ಮಿತವಾದ ಮಾತು, ಸ್ಪಷ್ಟವಾದ ಕಟ್ಟು, ಭಾವಕ್ಕೆ ಕಡಿವಾಣ: ನವ ಅಭಿಜಾತ ಶೈಲಿಯ ಹಾದಿ ಇದು.

ನವರಮ್ಯ ಶೈಲಿಗೆ ಆ ಕಡಿವಾಣ ಬೇಕಿಲ್ಲ. 1938ರಲ್ಲಿ ಟೊಸ್ಕಾನಿನಿ ನಿರ್ದೇಶನದಲ್ಲಿ ಮೊದಲು ಕೇಳಿಬಂದ ಸ್ಯಾಮ್ಯುಯೆಲ್ ಬಾರ್ಬರ್ ಅವರ 'ಅಡಾಜಿಯೊ' ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಆದರೆ ನಮಗೆ ಹತ್ತಿರದವರು ನಿಕೊಲಾಯ್ ಮೆಟ್ನರ್. ಅವರು ರಮ್ಯಕ್ಕೆ ಹೊಸದಾಗಿ ಮರಳಿದವರಲ್ಲ, ಅದನ್ನು ಬಿಟ್ಟು ಹೋಗದೇ ಉಳಿದವರು. ಸ್ಟ್ರಾವಿನ್‌ಸ್ಕಿಯವರಂತೆ ರಷ್ಯ ತೊರೆದವರೇ. ಸಂಗೀತದಲ್ಲಿನ ಹೊಸ ಫ್ಯಾಷನ್ನಿನ ವಿರುದ್ಧ 1935ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಗೆದ್ದದ್ದು ಫ್ಯಾಷನ್. ಲಂಡನ್ನಿನಲ್ಲಿ ಮೆಟ್ನರ್ ದಂಪತಿಗಳ ದಿನಗಳು ಬಡತನದಲ್ಲಿ, ಅನಾರೋಗ್ಯದಲ್ಲಿ ಕಳೆಯುತ್ತಿದ್ದವು.

ಆಗ ನೆರವಾದವರು ಜಯಚಾಮರಾಜ ಒಡೆಯರ್. ಅವರ ಹಣದಿಂದ ಮೆಟ್ನರ್ ತಾವೇ ಪಿಯಾನೋ ನುಡಿಸಿದ ಎಚ್.ಎಂ.ವಿ. ಧ್ವನಿಮುದ್ರಿಕೆಗಳು ಹೊರಬಂದವು. ಮೆಟ್ನರ್ 1951ರಲ್ಲಿ ತೀರಿಕೊಂಡರು. ಇನ್ನು ಕೆಲವು ವರ್ಷ ತಡವಾಗಿದ್ದರೆ ಆ ಬೆರಳುಗಳ ನುಡಿ ಇಷ್ಟು ವಿಸ್ತಾರವಾಗಿ ನಮಗೆ ಉಳಿಯುತ್ತಿರಲಿಲ್ಲ. ತಮ್ಮ ಮೂರನೆಯ ಪಿಯಾನೋ ಕಾನ್ಸರ್ಟೊವನ್ನು ಅವರು ಮಹಾರಾಜರಿಗೆ ಅರ್ಪಿಸಿದ್ದಾರೆ.

'ಶ್ರೀವಿದ್ಯಾ' ಅಂಕಿತದಲ್ಲಿ 90ಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದ ಒಡೆಯರಿಗೆ, ಕಟ್ಟೂ ಭಾವವೂ ಪರಸ್ಪರ ವೈರಿಗಳೆಂದು ತೋರಿರಲಾರದು. ಇದು ನಮ್ಮ ಊಹೆ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಬಾರಿಗೆ ಹಾಡಿದಾಗ, ಆ ಕಛೇರಿಯ ಖರ್ಚಿಗೆ ಹೊಣೆ ನಿಂತಿದ್ದವರೂ ಅವರೇ. ಸ್ಟ್ರೌಸ್ ಅಷ್ಟರಲ್ಲಿ ತೀರಿಕೊಂಡಿದ್ದರು.