ತಾಮ್ರ ಮತ್ತು ಬೆಳಕಿನ ಸಂಧಿಯಲ್ಲಿ: ಮೀಡಿಯಾ ಕನ್ವರ್ಟರ್ ಆಯ್ಕೆಯ ತತ್ತ್ವಗಳು

1. ಪ್ರಸ್ತಾವನೆ

ಈಥರ್ನೆಟ್‌ನ ತಾಮ್ರದ ಕೇಬಲಿಗೆ ಮಾನಕಗಳು ಹಾಕಿರುವ ಗಡಿ 100 ಮೀಟರ್. ಗೋಡೆಯೊಳಗೆ ಓಡುವ ಕೇಬಲಿಗೆ 90 ಮೀಟರ್, ಎರಡೂ ತುದಿಯ ಪ್ಯಾಚ್ ಕಾರ್ಡುಗಳಿಗೆ 10 ಮೀಟರ್ ಎಂದು ಅದನ್ನು ಹಂಚುತ್ತಾರೆ. ಕಾಲೇಜಿನ ಮುಖ್ಯ ಕಟ್ಟಡದಿಂದ ವಿದ್ಯಾರ್ಥಿನಿಲಯ 300 ಮೀಟರ್ ದೂರದಲ್ಲಿದ್ದರೆ ತಾಮ್ರ ಅಲ್ಲಿಗೆ ಮುಟ್ಟುವುದಿಲ್ಲ. ದೂರವೊಂದೇ ತೊಡಕೂ ಅಲ್ಲ. ಭರಣಿ, ಕೃತ್ತಿಕೆ ಮಳೆಗಳ ಸಿಡಿಲು ಆಸುಪಾಸಿನಲ್ಲೆಲ್ಲೋ ಬಿದ್ದರೂ ಕಟ್ಟಡಗಳ ನಡುವೆ ಎಳೆದ ತಂತಿಯಲ್ಲಿ ಹುಟ್ಟುವ ವಿದ್ಯುತ್ತು ಸ್ವಿಚ್ಚಿನ ಪೋರ್ಟುಗಳನ್ನು ಸುಡಬಲ್ಲದು. ಗಾಜಿನ ಎಳೆಗೆ ಆ ಭಯವಿಲ್ಲ. ಕೇಬಲಿನ ಮೇಲೆ ಉಕ್ಕಿನ ಕವಚವಿದ್ದರೆ ಅದಕ್ಕೆ ಅರ್ಥಿಂಗ್ ಕೊಟ್ಟಿರಬೇಕು, ಅಷ್ಟೆ.

ತಾಮ್ರದ ಪೋರ್ಟನ್ನೂ ಗಾಜಿನ ಎಳೆಯನ್ನೂ ಬೆಸೆಯುವ ಸಣ್ಣ ಪೆಟ್ಟಿಗೆಯೇ ಮೀಡಿಯಾ ಕನ್ವರ್ಟರ್. ವೇಗ ಎಷ್ಟು, ಎಷ್ಟು ಕಿಲೋಮೀಟರ್ ಎಂಬ ಎರಡು ಪ್ರಶ್ನೆ ಕೇಳಿ ಇದನ್ನು ಕೊಳ್ಳುವುದು ಸಾಮಾನ್ಯ. ಅವೆರಡೇ ಸಾಲವು ಎಂಬುದು ಈ ಲೇಖನದ ವಾದ. ಎರಡೂ ತುದಿಗಳ ಹೊಂದಾಣಿಕೆ ಮತ್ತು ಬೆಳಕಿನ ಲೆಕ್ಕ ಸರಿಯಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದಾರಿ ಕಡಿದಾಗ ಆ ಸುದ್ದಿಯನ್ನು ಎರಡೂ ಕಡೆಯ ಸ್ವಿಚ್ಚುಗಳಿಗೆ ಮುಟ್ಟಿಸುವ ಗುಣ ಅದಕ್ಕಿರಬೇಕು.

2. ಪೆಟ್ಟಿಗೆಯೊಳಗಿನ ಕೆಲಸ

ಕನ್ವರ್ಟರ್ ವಿದ್ಯುತ್ತನ್ನು ಬೆಳಕಾಗಿಸುತ್ತದೆ ಎಂದಷ್ಟೇ ಹೇಳಿದರೆ ಅರ್ಧ ಹೇಳಿದಂತೆ. 1999ರಲ್ಲಿ ಮಾನಕವಾದ 1000ಬೇಸ್-ಟಿಯಲ್ಲಿ ನಾಲ್ಕೂ ಜೋಡಿ ತಂತಿಗಳು ಏಕಕಾಲಕ್ಕೆ ಎರಡೂ ದಿಕ್ಕಿಗೆ ದುಡಿಯುತ್ತವೆ. ಐದು ವೋಲ್ಟೇಜ್ ಹಂತಗಳ ಸಂಕೇತಗಳು ಪ್ರತಿ ಜೋಡಿಯಲ್ಲಿ ಸೆಕೆಂಡಿಗೆ 12.5 ಕೋಟಿಯಂತೆ ಸಾಗುತ್ತವೆ. 1998ರಲ್ಲಿ ಮಾನಕವಾದ ಗಿಗಾಬಿಟ್ ಫೈಬರಿನಲ್ಲಾದರೋ ಪ್ರತಿ 8 ಬಿಟ್ಟುಗಳು 10 ಬಿಟ್ಟುಗಳ ಸಂಕೇತವಾಗಿ, ಬೆಳಕು ಹೆಚ್ಚು–ಕಡಿಮೆ ಎಂಬ ಎರಡೇ ಹಂತಗಳಲ್ಲಿ, ಸೆಕೆಂಡಿಗೆ 125 ಕೋಟಿಯಂತೆ ಹೋಗುತ್ತವೆ. ಹಾಗಾಗಿ ಕನ್ವರ್ಟರ್ ಒಂದು ಕಡೆಯ ಸಂಕೇತವನ್ನು ಪೂರ್ತಿ ಬಿಡಿಸಿ, ಇನ್ನೊಂದು ಕಡೆಗೆ ಹೊಸದಾಗಿ ಕಟ್ಟುತ್ತದೆ.

ಈ ಕೆಲಸದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಬಂದದ್ದನ್ನು ಬಂದ ಹಾಗೆಯೇ ದಾಟಿಸುತ್ತದೆ. ವಿಳಂಬ ತೀರ ಕಡಿಮೆ, ಆದರೆ ಎರಡೂ ಕಡೆ ವೇಗ ಒಂದೇ ಇರಬೇಕು. ಎರಡನೆಯದು ಇಡೀ ಫ್ರೇಮನ್ನು ಹಿಡಿದಿಟ್ಟು, ಪರೀಕ್ಷಿಸಿ, ಮುಂದೆ ಕಳಿಸುತ್ತದೆ. ಇದು ಎರಡು ಪೋರ್ಟಿನ ಪುಟ್ಟ ಸ್ವಿಚ್ಚೇ ಸರಿ. ತಾಮ್ರದ ಕಡೆ 100 ಮೆಗಾಬಿಟ್‌ನ ಹಳೆಯ ಉಪಕರಣ, ಫೈಬರಿನ ಕಡೆ ಗಿಗಾಬಿಟ್ ಇದ್ದರೆ ಎರಡನೆಯದೇ ಬೇಕು. ಆಗ ಅದು ತಾಳುವ ಫ್ರೇಮಿನ ಗರಿಷ್ಠ ಗಾತ್ರವನ್ನೂ ವಿಚಾರಿಸಬೇಕು.

3. ಹೊಂದಾಣಿಕೆ

ಎಳೆಯ ಜಾತಿಯನ್ನು ಮೊದಲು ನೋಡಬೇಕು. 62.5 ಅಥವಾ 50 ಮೈಕ್ರಾನ್ ತಿರುಳಿನ ಮಲ್ಟಿಮೋಡ್ ಎಳೆಯಲ್ಲಿ 850 ನ್ಯಾನೋಮೀಟರಿನ 1000ಬೇಸ್-ಎಸ್‌ಎಕ್ಸ್ ಓಡುತ್ತದೆ. ಎಳೆಯ ಗುಣಮಟ್ಟವನ್ನು ಅನುಸರಿಸಿ ಅದರ ವ್ಯಾಪ್ತಿ 220ರಿಂದ 550 ಮೀಟರ್. ಸುಮಾರು 9 ಮೈಕ್ರಾನ್‌ನ ಸಿಂಗಲ್ ಮೋಡ್ ಎಳೆಯಲ್ಲಿ 1310 ನ್ಯಾನೋಮೀಟರಿನ ಬೆಳಕು ಕಿಲೋಮೀಟರುಗಟ್ಟಲೆ ಹೋಗುತ್ತದೆ. ಒಂದೇ ಎಳೆಯಲ್ಲಿ ಹೋಗಿಬರುವ ಕನ್ವರ್ಟರುಗಳನ್ನು ಜೋಡಿಯಾಗಿಯೇ ಕೊಳ್ಳಬೇಕು: ಒಂದು 1310ರಲ್ಲಿ ಕಳಿಸಿ 1550ರಲ್ಲಿ ಕೇಳಿದರೆ, ಇನ್ನೊಂದು 1550ರಲ್ಲಿ ಕಳಿಸಿ 1310ರಲ್ಲಿ ಕೇಳಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿ ಹೇಳುವುದು ಅಗತ್ಯ. ಮನೆ ಮನೆಗೆ ಬರುವ ಫೈಬರ್ ಸಂಪರ್ಕಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆ ಮನೆಯತ್ತ 1490, ಮನೆಯಿಂದ 1310 ನ್ಯಾನೋಮೀಟರ್ ಬಳಸುತ್ತದೆ. 1000ಬೇಸ್-ಬಿಎಕ್ಸ್10 ಎಂಬ ಒಂಟಿ ಎಳೆಯ ಈಥರ್ನೆಟ್ ಬಳಸುವುದೂ ಇವೇ ಎರಡು ತರಂಗಾಂತರಗಳನ್ನು. ಆದರೂ ಒಂದರ ಜಾಗದಲ್ಲಿ ಇನ್ನೊಂದು ನಡೆಯದು. ಜಿಪಾನ್‌ನಲ್ಲಿ ಹಲವು ಮನೆಗಳು ಒಂದೇ ಎಳೆಯನ್ನು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ವೇಗವೂ ನಿಯಮಾವಳಿಯೂ ಬೇರೆ. ಬಣ್ಣ ಒಂದಾದ ಮಾತ್ರಕ್ಕೆ ಭಾಷೆ ಒಂದಾಗುವುದಿಲ್ಲ.

4. ಬೆಳಕಿನ ಲೆಕ್ಕ

ಪೆಟ್ಟಿಗೆಯ ಮೇಲೆ ಬರೆದ ಕಿಲೋಮೀಟರನ್ನು ನಂಬಿ ಕೂರುವ ಬದಲು ಲೆಕ್ಕ ಹಾಕಬೇಕು. 8 ಕಿಲೋಮೀಟರಿನ ಸಿಂಗಲ್ ಮೋಡ್ ದಾರಿಯನ್ನು ತೆಗೆದುಕೊಳ್ಳೋಣ. ಕಿಲೋಮೀಟರಿಗೆ 0.4 ಡೆಸಿಬೆಲ್‌ನಂತೆ ನಷ್ಟ 3.2, ಎರಡು ಕನೆಕ್ಟರುಗಳಿಗೆ 0.5ರಂತೆ 1, ನಾಲ್ಕು ಸ್ಪ್ಲೈಸುಗಳಿಗೆ 0.1ರಂತೆ 0.4. ಒಟ್ಟು 4.6. ಮುಂದಿನ ರಿಪೇರಿಗಳಿಗೂ ಉಪಕರಣದ ಮುಪ್ಪಿಗೂ 3 ಡೆಸಿಬೆಲ್ ಕಾಯ್ದಿರಿಸಿದರೆ 7.6. 1000ಬೇಸ್-ಎಲ್‌ಎಕ್ಸ್10 ಕನಿಷ್ಠ −9 ಡಿಬಿಎಂ ಹೊರಸೂಸಿ, −19.5ರವರೆಗೆ ಗ್ರಹಿಸುತ್ತದೆ. ಕೈಯಲ್ಲಿರುವ ಬಂಡವಾಳ 10.5 ಡೆಸಿಬೆಲ್. ದಾರಿ ನಿಶ್ಚಿಂತೆಯಿಂದ ನಡೆಯುತ್ತದೆ.

ಹೆಚ್ಚು ದೂರದ್ದನ್ನೇ ಕೊಂಡರೆ ಒಳ್ಳೆಯದಲ್ಲವೇ ಎಂಬ ವಾದ ಇಲ್ಲಿ ಬಿದ್ದುಹೋಗುತ್ತದೆ. +3 ಡಿಬಿಎಂ ಹೊರಸೂಸುವ, −3ಕ್ಕಿಂತ ಹೆಚ್ಚು ಬೆಳಕನ್ನು ತಾಳದ ದೂರಗಾಮಿ ಕನ್ವರ್ಟರುಗಳನ್ನು ಇದೇ ದಾರಿಗೆ ಹಾಕಿದರೆ, ಎದುರು ತುದಿಗೆ −1.6 ಡಿಬಿಎಂ ಮುಟ್ಟುತ್ತದೆ. ಗ್ರಾಹಕಕ್ಕೆ ಕಣ್ಣು ಕೋರೈಸುತ್ತದೆ, ಲಿಂಕ್ ಕೆಡುತ್ತದೆ. ಆಗ ಬೆಳಕನ್ನು ತಗ್ಗಿಸುವ ಅಟೆನ್ಯುಯೇಟರ್ ಹಾಕದೆ ಗತಿಯಿಲ್ಲ.

5. ದೋಷದ ಸುದ್ದಿ

ಎರಡು ಸ್ವಿಚ್ಚುಗಳು ನೇರವಾಗಿ ಒಂದೇ ಕೇಬಲಿನಲ್ಲಿ ಕೂಡಿದ್ದರೆ, ಕೇಬಲ್ ಕಡಿದ ಕ್ಷಣವೇ ಎರಡಕ್ಕೂ ಗೊತ್ತಾಗುತ್ತದೆ. ನಡುವೆ ಎರಡು ಕನ್ವರ್ಟರುಗಳು ಬಂದವೆನ್ನಿ. ರಸ್ತೆ ಅಗೆಯುವಾಗ ಫೈಬರ್ ತುಂಡಾದರೂ ಸ್ವಿಚ್ಚಿನಿಂದ ಕನ್ವರ್ಟರಿಗೆ ಇರುವ ಒಂದು ಮೀಟರ್ ತಾಮ್ರ ಸರಿಯಾಗಿಯೇ ಇರುತ್ತದೆ. ಸ್ವಿಚ್ಚಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಬದಲಿ ದಾರಿ ಇದ್ದರೂ ಹಳೆಯ ಸ್ಪ್ಯಾನಿಂಗ್ ಟ್ರೀ ಪದ್ಧತಿ ಅದಕ್ಕೆ ಹೊರಳಲು 20 ಸೆಕೆಂಡ್ ಕಾದು, ಮತ್ತೆ 15ರಂತೆ ಎರಡು ಹಂತ ದಾಟಿ, ಒಟ್ಟು 50 ಸೆಕೆಂಡ್ ತೆಗೆದುಕೊಳ್ಳಬಹುದು. ಎರಡು ಎಳೆಗಳಲ್ಲಿ ಒಂದೇ ಕಡಿದರೆ ಪರಿಸ್ಥಿತಿ ಇನ್ನೂ ಕೆಟ್ಟದು: ಮುಚ್ಚಿಕೊಂಡಿದ್ದ ಪೋರ್ಟು ಎದುರಿನ ಸಂದೇಶ ಕೇಳಿಸದೆ ತೆರೆದುಕೊಂಡು, ಲೂಪ್ ಉಂಟಾಗಿ, ಇಡೀ ಜಾಲ ಕುಸಿಯಬಹುದು.

ಲಿಂಕ್ ಫಾಲ್ಟ್ ಪಾಸ್-ಥ್ರೂ ಎಂಬ ಸೌಲಭ್ಯ ಇರುವುದು ಇದಕ್ಕಾಗಿಯೇ. ಒಂದು ಕಡೆ ಲಿಂಕ್ ಹೋದರೆ ಕನ್ವರ್ಟರ್ ತಾನಾಗಿಯೇ ಇನ್ನೊಂದು ಕಡೆಯ ಲಿಂಕನ್ನೂ ಇಳಿಸುತ್ತದೆ. ದೋಷ ಹುಡುಕುವಾಗ ಎಲ್ಲ ದೀಪಗಳೂ ಒಟ್ಟಿಗೆ ಆರಿದರೆ ತುಂಡಾದ ಜಾಗ ತಿಳಿಯದು. ಹಾಗಾಗಿ ಈ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಚಿಕ್ಕ ಡಿಪ್ ಸ್ವಿಚ್ ಪೆಟ್ಟಿಗೆಯಲ್ಲಿರುವುದು ಮೇಲು.

6. ಉಪಸಂಹಾರ

ಆಯ್ಕೆಯ ಕ್ರಮ ಹೀಗಿರಲಿ: ಎಳೆಯ ಜಾತಿ ಮತ್ತು ತರಂಗಾಂತರ, ಎರಡೂ ಕಡೆಯ ವೇಗ, ಬೆಳಕಿನ ಲೆಕ್ಕ. ಈ ಮೂರೂ ಹೊಂದಿದ ಕನ್ವರ್ಟರುಗಳಲ್ಲಿ ದೋಷದ ಸುದ್ದಿ ದಾಟಿಸುವುದನ್ನೇ ಆರಿಸಬೇಕು, ಬೆಲೆ ತುಸು ಹೆಚ್ಚಾದರೂ ಸರಿ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದ ಕಾರಣ, ದೂರದ ತುದಿಯಲ್ಲಿ ಕನ್ವರ್ಟರಿಗೂ ಕ್ಯಾಮೆರಾದಂಥ ಉಪಕರಣಕ್ಕೂ ಕರೆಂಟಿನ ಏರ್ಪಾಡು ಬೇರೆಯೇ ಬೇಕೆಂಬುದನ್ನು ಮರೆಯಬಾರದು. ಜೋಡಿಯನ್ನು ಗೋಡೆಗೆ ಬಿಗಿಯುವ ಮುನ್ನ ಮೇಜಿನ ಮೇಲಿಟ್ಟು, ಅಟೆನ್ಯುಯೇಟರ್ ಬೇಕಿದ್ದರೆ ಸೇರಿಸಿ, ಎರಡು ಸ್ವಿಚ್ಚುಗಳಿಗೆ ಜೋಡಿಸಿ, ಒಂದು ಎಳೆಯನ್ನು ಕಿತ್ತು ನೋಡಿ. ಎರಡೂ ಸ್ವಿಚ್ಚುಗಳ ದೀಪ ಆರಿದರೆ ಮಾತ್ರ ಅದನ್ನು ಒಪ್ಪಿಕೊಳ್ಳಿ.